ರೈಲು ಕಾಣದ ರೈಲುದಾರಿ

ಸ್ಪೇನ್ ದೇಶದ ದಕ್ಷಿಣ ತುದಿಯ ಕಾದಿಸ್ ಪ್ರಾಂತ್ಯದಲ್ಲಿ, ಪ್ವೆರ್ತೊ ಸೆರ್ರಾನೊ ಎಂಬ ಊರಿನಿಂದ ಓಲ್ವೆರಾ ಎಂಬ ಬೆಟ್ಟದೂರಿನವರೆಗೆ 36 ಕಿಲೋಮೀಟರ್ ಉದ್ದದ ಒಂದು ದಾರಿಯಿದೆ. ಬಂಡೆ ಕೊರೆದು ಮಾಡಿದ 30 ಸುರಂಗಗಳು, ಕಣಿವೆಗಳ ಮೇಲೆ 4 ದೊಡ್ಡ ಸೇತುವೆಗಳು, ಅಲ್ಲಲ್ಲಿ ನಿಲ್ದಾಣದ ಕಟ್ಟಡಗಳು, ಹೀಗೆ ರೈಲಿಗೆ ಬೇಕಾದುದೆಲ್ಲವೂ ಅಲ್ಲಿದೆ. ಆದರೆ ಈ ದಾರಿಯಲ್ಲಿ ಒಂದು ದಿನವಾದರೂ ಪ್ರಯಾಣಿಕರ ರೈಲು ಓಡಿದ್ದಿಲ್ಲ. ಇಂದು ಅದರ ಮೇಲೆ ಓಡುವುದು ಸೈಕಲ್. ಶಾಲಾ ಮಕ್ಕಳು, ಮುದುಕರು, ಗಾಲಿಕುರ್ಚಿಯಲ್ಲಿ ಕುಳಿತವರು ಕೂಡ ಲಾರಿ-ಕಾರುಗಳ ಭಯವಿಲ್ಲದೆ ಈ ಬೆಟ್ಟಸಾಲನ್ನು ದಾಟಬಹುದು. ಸ್ಪ್ಯಾನಿಷ್ ಭಾಷೆಯಲ್ಲಿ ಇಂತಹ ದಾರಿಗಳಿಗೆ 'ವೀಯಾ ವೆರ್ದೆ' ಎಂದು ಹೆಸರು. ಹಸಿರು ಹಾದಿ ಎಂದು ಅದರ ಅರ್ಥ.

ರೈಲು ನಿಂತ ದಾರಿಯನ್ನು ಸೈಕಲ್ಲಿಗೆ ಬಿಟ್ಟುಕೊಡುವ ಆಲೋಚನೆ ಸ್ಪೇನಿನದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1960ರ ದಶಕದಲ್ಲೇ ಅದು ನಡೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವಿನ ಹಳೆಯ ರೈಲುದಾರಿಯನ್ನು 1979ರಿಂದ 1986ರವರೆಗೆ ಬಹುಮಟ್ಟಿಗೆ ಸ್ವಯಂಸೇವಕರೇ ಸೈಕಲ್ ದಾರಿಯಾಗಿ ಮಾರ್ಪಡಿಸಿದರು. ಆದರೆ ಸ್ಪೇನಿನ ಕತೆಯಲ್ಲಿ ಒಂದು ವಿಚಿತ್ರವಿದೆ. ಬಳಸಿ ಬಿಟ್ಟ ದಾರಿಗಳ ಜೊತೆಗೆ ಬಳಸದೆಯೇ ಬಿಟ್ಟ ದಾರಿಗಳೂ ಅಲ್ಲಿದ್ದವು.

1923ರ ಸೆಪ್ಟೆಂಬರಿನಲ್ಲಿ ಜನರಲ್ ಪ್ರಿಮೊ ದ ರಿವೇರಾ ಸೇನಾ ಕ್ರಾಂತಿಯ ಮೂಲಕ ಸ್ಪೇನಿನ ಅಧಿಕಾರ ಹಿಡಿದ. ಸರ್ವಾಧಿಕಾರಿಗಳಿಗೆ ದೊಡ್ಡ ಕಾಮಗಾರಿಗಳೆಂದರೆ ಎಲ್ಲ ಕಾಲದಲ್ಲೂ ಪ್ರೀತಿ. ಅವನ ಲೋಕೋಪಯೋಗಿ ಸಚಿವನಾಗಿದ್ದವನು ರಫಾಯೆಲ್ ಬೆಂಹುಮೇಯಾ ಎಂಬ ಎಂಜಿನಿಯರ್. ಗ್ವಾದಲೋರ್ಸೆಯ ಕೌಂಟ್ ಎಂಬುದು ಅವನ ಬಿರುದು. 1926ರಲ್ಲಿ ಆತ ತುರ್ತಾಗಿ ಕಟ್ಟಬೇಕಾದ ರೈಲುದಾರಿಗಳ ಒಂದು ದೊಡ್ಡ ಯೋಜನೆಯನ್ನು ಮುಂದಿಟ್ಟ. ಜನ ಅದನ್ನು ಗ್ವಾದಲೋರ್ಸೆ ಯೋಜನೆ ಎಂದೇ ಕರೆದರು. ಹೆರೆಸ್ ನಗರದಿಂದ ಬೆಟ್ಟಗಳನ್ನು ದಾಟಿ ಅಲ್ಮಾರ್ಹೆನ್ ಸೇರುವ ದಾರಿ ಆ ಯೋಜನೆಯ ಒಂದು ಭಾಗ. ನಾವು ಮೇಲೆ ಹೇಳಿದ 36 ಕಿಲೋಮೀಟರ್ ಅದರ ಒಂದು ತುಂಡು.

ಹೆಸರುಗಳ ಬಗ್ಗೆ ಇಲ್ಲೊಂದು ಮಾತು. ಗ್ವಾದಲೋರ್ಸೆ, ಗ್ವಾದಲೆತೆ, ಗ್ವಾದಲ್ಕಿವಿರ್ ಎಂದು ಈ ಭಾಗದ ನದಿಗಳ ಹೆಸರಿನ ಮುಂದೆ ನಿಂತಿರುವ 'ಗ್ವಾದ್' ಅರಬಿಯ 'ವಾದಿ', ಅಂದರೆ ಕಣಿವೆ ಅಥವಾ ನದಿ. ಈ ಸೈಕಲ್ ಹಾದಿ ಸಾಗುವುದು ಗ್ವಾದಲೆತೆ ನದಿಯ ಸೀಮೆಯಲ್ಲಿ. 711ರಲ್ಲಿ ತಾರಿಕ್ ಬಿನ್ ಝಿಯಾದ್ ವಿಸಿಗಾಥ್ ದೊರೆ ರೊಡೆರಿಕನನ್ನು ಸೋಲಿಸಿದ ಯುದ್ಧವನ್ನು ಚರಿತ್ರಕಾರರು ಇದೇ ನದಿಯ ಹೆಸರಿನಿಂದ ಗುರುತಿಸುತ್ತಾರೆ. ಓಲ್ವೆರಾದ ಬಂಡೆಯ ನೆತ್ತಿಯ ಮೇಲಿನ ಕೋಟೆ ಮುಸ್ಲಿಮರ ಕಾಲದ್ದು. 1327ರಲ್ಲಿ ಕಾಸ್ತೀಲಿನ 11ನೇ ಅಲ್ಫೊನ್ಸೊ ಅದನ್ನು ವಶಪಡಿಸಿಕೊಂಡ. ಆ ಬಳಿಕ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಇದು ಗ್ರಾನಡಾ ಮತ್ತು ಕಾಸ್ತೀಲ್ ರಾಜ್ಯಗಳ ಗಡಿನಾಡಾಗಿತ್ತು. ಹೆರೆಸ್ ದ ಲಾ ಫ್ರೊಂತೆರಾ ಎಂಬ ಊರ ಹೆಸರಿನ ಕೊನೆಯ ಪದ ಆ ಗಡಿಯನ್ನು ಇಂದಿಗೂ ನೆನಪಿಸುತ್ತದೆ. ರೈಲುದಾರಿ ಕಟ್ಟಲು ಇಷ್ಟೊಂದು ಸುರಂಗಗಳು ಬೇಕಾದುದಕ್ಕೂ ಇದು ಅಷ್ಟು ಕಾಲ ಗಡಿಯಾಗಿ ಉಳಿದುದಕ್ಕೂ ಕಾರಣ ಒಂದೇ. ಬೆಟ್ಟ ದುರ್ಗಮವಾಗಿತ್ತು.

ರೈಲಿಗಿಂತ ಹೆಚ್ಚಾಗಿ ಈ ಜನರಿಗೆ ಬೇಕಾಗಿದ್ದುದು ಕೂಲಿ. ಆಂದಲೂಸಿಯಾದಲ್ಲಿ ಭೂಮಿ ಕೆಲವೇ ಜಮೀನ್ದಾರರ ಕೈಯಲ್ಲಿತ್ತು. ಉಳಿದವರು ದಿನಗೂಲಿಗಳು. ಆಲಿವ್ ಕೊಯ್ಲು ಮುಗಿದರೆ ಅವರಿಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ರೊಟ್ಟಿಯಿಲ್ಲ. ಸುರಂಗದ ಕೆಲಸ ಅಪಾಯದ್ದಾದರೂ ಅದು ಕೆಲಸವೇ. 1930ರಲ್ಲಿ ಸರ್ವಾಧಿಕಾರಿ ಕೆಳಗಿಳಿದ. 1931ರಲ್ಲಿ ಗಣರಾಜ್ಯ ಬಂತು. ಬೊಕ್ಕಸ ಬರಿದಾಗಿತ್ತು, ಕಾಮಗಾರಿ ಕುಂಟಿತು. ಹಸಿವು ಎಷ್ಟಿತ್ತೆಂಬುದಕ್ಕೆ ಇದೇ ಕಾದಿಸ್ ಪ್ರಾಂತ್ಯದ ಕಾಸಾಸ್ ವಿಯೇಹಾಸ್ ಎಂಬ ಹಳ್ಳಿ ಸಾಕ್ಷಿ. 1933ರ ಜನವರಿಯಲ್ಲಿ ಅಲ್ಲಿ ಭೂಹೀನ ಕೂಲಿಗಳು ದಂಗೆಯೆದ್ದಾಗ ಸರಕಾರದ ಸಶಸ್ತ್ರ ದಳ ಇಪ್ಪತ್ತಕ್ಕೂ ಹೆಚ್ಚು ಗ್ರಾಮಸ್ಥರನ್ನು ಕೊಂದಿತು. 1936ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಅದು ಮುಗಿದ ಬಳಿಕ ಬಂದದ್ದು ಫ್ರಾಂಕೋನ ಬಡ ಸ್ಪೇನ್. ಕೊನೆಗೆ 1962ರಲ್ಲಿ ವಿಶ್ವಬ್ಯಾಂಕಿನ ತಜ್ಞರು ಹೊಸ ರೈಲುದಾರಿಗಳ ಕಾಮಗಾರಿ ನಿಲ್ಲಿಸಿ, ಇರುವುದನ್ನು ಸರಿಪಡಿಸಿ ಎಂದು ವರದಿ ಕೊಟ್ಟರು. ಬಂಡೆ ಕೊರೆದವರ ಬೆವರು ಒಂದು ವಾಕ್ಯದಲ್ಲಿ ವ್ಯರ್ಥವಾಯಿತು. ಸುರಂಗಗಳೊಳಗೆ ಕುರಿಗಳು ಮಲಗತೊಡಗಿದವು.

ರೈಲು ಓಡಿ ನಿಂತ ದಾರಿಯ ಉದಾಹರಣೆ ಬೇಕಿದ್ದರೆ ಪೂರ್ವಕ್ಕೆ ಹೋಗಬೇಕು. ಹಯೆನ್ ನಗರದಿಂದ ಪ್ವೆಂತೆ ಹೆನಿಲ್‌ವರೆಗಿನ ದಾರಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ್ದು. ಜನ ಅದನ್ನು 'ತ್ರೆನ್ ದೆಲ್ ಅಸೇಯ್ತೆ', ಎಣ್ಣೆಯ ರೈಲು ಎಂದು ಕರೆಯುತ್ತಿದ್ದರು. ಹಯೆನ್ ಸ್ಪೇನಿನಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ಪ್ರಾಂತ್ಯ. ಅಲ್ಲಿ ಆರು ಕೋಟಿಗೂ ಮಿಕ್ಕಿ ಆಲಿವ್ ಮರಗಳಿವೆ. ಆ ಎಣ್ಣೆ ಈ ದಾರಿಯಲ್ಲಿ ಸಾಗಿ, ಪ್ವೆಂತೆ ಹೆನಿಲ್‌ನಲ್ಲಿ ದೊಡ್ಡ ರೈಲುದಾರಿ ಸೇರಿ, ಮಾಲಗಾ ಬಂದರಿಗೆ ಹೋಗುತ್ತಿತ್ತು. 'ಅಸೇಯ್ತೆ' ಎಂಬ ಪದ ಅರಬಿಯ 'ಅಝ್ಝೈತ್'. ನಮ್ಮ ಮನೆಗಳಲ್ಲಿ ಝೈತೂನ್ ಎಣ್ಣೆ ಎನ್ನುವಾಗ ಬಳಸುವುದು ಅದೇ ಪದದ ಬಂಧುವನ್ನು. 17ನೇ ಶತಮಾನದ ಆರಂಭದಲ್ಲಿ ಮೊರಿಸ್ಕೊಗಳನ್ನು, ಎಂದರೆ ಬಲವಂತದಿಂದ ಮತಾಂತರಗೊಂಡ ಮುಸ್ಲಿಮರ ಸಂತತಿಯನ್ನು, ದೇಶದಿಂದಲೇ ಹೊರಗಟ್ಟಿದ ರಾಜ್ಯಕ್ಕೆ ಅಡುಗೆಮನೆಯಿಂದ ಅವರ ಮಾತನ್ನು ಹೊರಗಟ್ಟಲಾಗಲಿಲ್ಲ.

ಈ ದಾರಿಯ ಊರುಗಳಲ್ಲಿ ಚರಿತ್ರೆ ಒತ್ತೊತ್ತಾಗಿದೆ. ಕಬ್ರಾ ಎಂಬ ಊರಿನ ಕವಿ ಮುಕದ್ದಮ್ 'ಮುವಶ್ಶಹ್' ಎಂಬ ಹಾಡುಗಬ್ಬದ ಪ್ರಕಾರವನ್ನು ಮೊದಲು ಕಟ್ಟಿದವನೆಂದು ಇಬ್ನ್ ಖಲ್ದೂನ್ ಬರೆದಿದ್ದಾರೆ. ಅದರ ಮುಂದಿನ ಲುಸೇನಾ ಮುಸ್ಲಿಮ್ ಆಳ್ವಿಕೆಯ ಕಾಲದಲ್ಲಿ ಯಹೂದಿ ವಿದ್ವಾಂಸರ ನೆಲೆಯಾಗಿತ್ತು. 1483ರಲ್ಲಿ ಗ್ರಾನಡಾದ ಕೊನೆಯ ಸುಲ್ತಾನ ಅಬೂ ಅಬ್ದುಲ್ಲಾ ಸೆರೆಸಿಕ್ಕಿದ್ದು ಈ ಊರಿನ ಮೇಲೆ ದಂಡೆತ್ತಿ ಬಂದಾಗಲೇ. ಅವನನ್ನು ಇಟ್ಟಿದ್ದ ಕೋಟೆಯನ್ನು ಇಂದು ಸೈಕಲ್ ಸವಾರರು ಇಳಿದು ನೋಡಿ ಹೋಗುತ್ತಾರೆ.

ಎಣ್ಣೆ ಲಾರಿಗೇರಿತು, ಜನ ಬಸ್ಸಿಗೇರಿದರು. 1985ರ ಜನವರಿ 1ರಂದು ಸ್ಪೇನ್ ಸರಕಾರ ನಷ್ಟದ ನೆಪದಲ್ಲಿ 900 ಕಿಲೋಮೀಟರಿಗೂ ಹೆಚ್ಚು ರೈಲುದಾರಿಯನ್ನು ಒಂದೇ ಏಟಿಗೆ ಮುಚ್ಚಿತು. ಅಷ್ಟೇ ಪ್ರಮಾಣದ ಇನ್ನಷ್ಟು ದಾರಿಗಳಲ್ಲಿ ಪ್ರಯಾಣಿಕರ ರೈಲು ನಿಂತು ಸರಕಿನದ್ದು ಮಾತ್ರ ಉಳಿಯಿತು. ಎಣ್ಣೆಯ ದಾರಿಯಲ್ಲೂ ಆ ಹೊತ್ತಿಗೆ ರೈಲು ನಿಂತುಹೋಯಿತು. ಮುಂದೆ ಏಳೇ ವರ್ಷಗಳಲ್ಲಿ, 1992ರ ಏಪ್ರಿಲ್‌ನಲ್ಲಿ, ಮ್ಯಾಡ್ರಿಡ್‌ನಿಂದ ಸೆವಿಲ್ಯಾಕ್ಕೆ ಅತಿವೇಗದ ರೈಲು ಹೊರಟಿತು. ಇಂದು ಸುಮಾರು 4,000 ಕಿಲೋಮೀಟರ್ ಅತಿವೇಗದ ದಾರಿ ಹೊಂದಿರುವ ಸ್ಪೇನ್ ಈ ವಿಷಯದಲ್ಲಿ ಯುರೋಪಿನಲ್ಲೇ ಮೊದಲು. ಹಳ್ಳಿಯ ರೈಲಿಗೆ ಹಣವಿಲ್ಲ, ರಾಜಧಾನಿಯ ರೈಲಿಗೆ ಹಣವಿದೆ ಎಂಬ ಲೆಕ್ಕ ನಮಗೇನೂ ಹೊಸದಲ್ಲ.

1993ರಲ್ಲಿ ಸರಕಾರ ಪಾಳುಬಿದ್ದ ದಾರಿಗಳ ಲೆಕ್ಕ ತೆಗೆಸಿತು. 7,600 ಕಿಲೋಮೀಟರಿಗೂ ಹೆಚ್ಚು ದಾರಿ, 954 ನಿಲ್ದಾಣಗಳು, 501 ಸೇತುವೆಗಳು, 1,070 ಸುರಂಗಗಳು! ಹೊಸದಾಗಿ ಕಟ್ಟಲು ಹೊರಟರೆ ಯಾವ ಸರಕಾರಕ್ಕೂ ಎಟುಕದ ಆಸ್ತಿ ಅದು. ನಮ್ಮಲ್ಲಿ ಮೀಟರ್ ಗೇಜ್ ಹಳಿ ಕಿತ್ತ ಕಡೆ ಸಾಮಾನ್ಯವಾಗಿ ಬ್ರಾಡ್ ಗೇಜ್ ಬಂದದ್ದನ್ನು ನೋಡಿದವರಿಗೆ ಇಷ್ಟೊಂದು ದಾರಿ ಸುಮ್ಮನೆ ಬಿದ್ದಿತ್ತೆಂಬುದು ಆಶ್ಚರ್ಯವೆನಿಸಬಹುದು. ಅದೇ ವರ್ಷ ಸ್ಪ್ಯಾನಿಷ್ ರೈಲ್ವೆ ಪ್ರತಿಷ್ಠಾನದ ಉಸ್ತುವಾರಿಯಲ್ಲಿ ಹಸಿರು ಹಾದಿಗಳ ಕಾರ್ಯಕ್ರಮ ಆರಂಭವಾಯಿತು. ಉಗಿಬಂಡಿಗೆ ಏರು ಆಗದು, ಕಡಿದಾದ ತಿರುವು ಆಗದು. ಹಾಗಾಗಿ ಎಂಜಿನಿಯರುಗಳು ನೂರು ಮೀಟರಿಗೆ ಎರಡು-ಮೂರು ಮೀಟರಿಗಿಂತ ಹೆಚ್ಚು ಏರದಂತೆ ದಾರಿ ಎಳೆದಿದ್ದರು. ಉಗಿಬಂಡಿಗೆ ಕೊಟ್ಟ ಆ ರಿಯಾಯಿತಿ ಮೊಮ್ಮಕ್ಕಳ ಕಾಲುಗಳಿಗೆ ದಕ್ಕಿತು. ಇಂದು ಇಂತಹ ಹಾದಿಗಳ ಒಟ್ಟು ಉದ್ದ 3,000 ಕಿಲೋಮೀಟರನ್ನು ದಾಟಿದೆ. ಎಣ್ಣೆಯ ಹಾದಿಯೊಂದೇ 128 ಕಿಲೋಮೀಟರ್. ಅದರ ಕಬ್ಬಿಣದ ಸೇತುವೆಗಳಲ್ಲಿ ಗ್ವಾದಹೋಸ್ ನದಿಯ ಮೇಲಿನದು ಹಯೆನ್ ಮತ್ತು ಕೊರ್ದೊಬಾ ಪ್ರಾಂತ್ಯಗಳ ಎಲ್ಲೆಯಲ್ಲಿ ನಿಂತಿದೆ.

ಬೆಟ್ಟದ ಹಾದಿಯನ್ನು ನೋಡಿಕೊಳ್ಳಲು 2000ದಲ್ಲಿ ಕಾದಿಸ್ ಮತ್ತು ಸೆವಿಲ್ಯಾ ಪ್ರಾಂತ್ಯಗಳ ಆಡಳಿತಗಳೂ ದಾರಿಯ ಊರುಗಳೂ ಸೇರಿ ಒಂದು ಪ್ರತಿಷ್ಠಾನ ಕಟ್ಟಿಕೊಂಡವು. ಆ ಊರುಗಳ ಮೇಯರನನ್ನು ಜನ 'ಅಲ್ಕಾಲ್ದೆ' ಎನ್ನುತ್ತಾರೆ. ಅದು ಅರಬಿಯ 'ಅಲ್ ಕಾಝಿ'. ಖಾಲಿ ನಿಲ್ದಾಣಗಳಲ್ಲಿ ಕೆಲವು ಊಟದ ಮನೆಗಳಾದವು, ತಂಗುದಾಣಗಳಾದವು, ಸೈಕಲ್ ಬಾಡಿಗೆಯ ಅಂಗಡಿಗಳಾದವು. ಒಂದಷ್ಟು ಮನೆಗಳಿಗೆ ಸಂಬಳ ಬಂತು. ಆದರೂ ಹಸಿರು ಹಾದಿಯನ್ನು ರೈಲಿಗೆ ಬದಲಿ ಎಂದು ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆಸ್ಪತ್ರೆಗೆ ಹೋಗಬೇಕಾದ ಮುದುಕಿಗೆ, ಕಾಲೇಜಿಗೆ ಹೋಗಬೇಕಾದ ಹುಡುಗನಿಗೆ ಬೇಕಾದದ್ದು ರೈಲು. ಭಾನುವಾರ ಪಟ್ಟಣದಿಂದ ಕಾರಿನಲ್ಲಿ ಸೈಕಲ್ ಕಟ್ಟಿಕೊಂಡು ಬರುವವನು ಸೋಮವಾರ ಅಲ್ಲಿರುವುದಿಲ್ಲ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ದಾರಿ ಹೀಗೆ ಬಳಕೆಯಲ್ಲಿ ಇಲ್ಲದಿದ್ದರೆ ಅದು ಅಕ್ಕಪಕ್ಕದ ಹೊಲಗಳಲ್ಲಿ ಕರಗಿಹೋಗುತ್ತಿತ್ತು. ಸೈಕಲ್ ಓಡುತ್ತಿರುವಷ್ಟು ಕಾಲ ಅದು ಸಾರ್ವಜನಿಕರ ನೆಲ.

ಬೆಟ್ಟದ ಹಾದಿಯ ನಡುವೆ ಸಾಫ್ರಮಗೋನ್ ಎಂಬ ಒಂಟಿ ಬಂಡೆಬೆಟ್ಟವಿದೆ. ನೂರಕ್ಕೂ ಹೆಚ್ಚು ಜೋಡಿ ಗ್ರಿಫನ್ ರಣಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ರೈಲು ಓಡಿದ್ದರೆ ಅವು ಅಷ್ಟು ನೆಮ್ಮದಿಯಿಂದ ಇರುತ್ತಿದ್ದವೋ ಇಲ್ಲವೋ. ಜಾನುವಾರುಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ನಮ್ಮ ದೇಶದ ರಣಹದ್ದುಗಳು ಹೆಚ್ಚುಕಡಿಮೆ ನಿರ್ನಾಮವಾದವು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಅಳಿದುಳಿದವುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಯುರೋಪಿನ ರಣಹದ್ದುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇರುವ ಸ್ಪೇನ್, ಇದೆಲ್ಲ ಗೊತ್ತಿದ್ದೂ 2013ರಲ್ಲಿ ಅದೇ ಔಷಧಕ್ಕೆ ಅನುಮತಿ ಕೊಟ್ಟಿತು. ಸಾಫ್ರಮಗೋನ್ ನಿಲ್ದಾಣದ ಕಟ್ಟಡ ಈಗ ರಣಹದ್ದುಗಳ ಮಾಹಿತಿ ಕೇಂದ್ರ. ಪ್ರಯಾಣಿಕರಿಗಾಗಿ ಕಟ್ಟಿದ ಆ ಕೋಣೆಯಲ್ಲಿ ಕುಳಿತವರಿಗೆ, ಬಂಡೆಯ ಮೇಲಿಟ್ಟ ಕ್ಯಾಮೆರಾ ಗೂಡಿನೊಳಗಿನ ಮರಿಗಳನ್ನು ಪರದೆಯ ಮೇಲೆ ತೋರಿಸುತ್ತದೆ.