ಅತ್ತೆ ಕೇಳಿದ ಎರಡು ಗುಂಟೆ

ಮಹಾಲಯ ಅಮಾವಾಸ್ಯೆ ದಿನ ಮಾವನವರಿಗೆ ಎಡೆ ಇಟ್ಟು, ಕಾಗೆಗೆ ಅಂತ ಟೆರೇಸ್ ಮೇಲೆ ಎಲೆ ಇಟ್ಟು ಕೆಳಗೆ ಬಂದೆ. ಅತ್ತೆ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರು. "ನೋಡಮ್ಮಾ, ನನ್ನನ್ನ ಆ ಕರೆಂಟ್ ಒಲೆಗೆ ಮಾತ್ರ ಹಾಕ್ಬೇಡಿ. ನಿಮ್ಮ ಮಾವನ ಪಕ್ಕದಲ್ಲೇ ಮಣ್ಣು ಮಾಡಿ" ಅಂದ್ರು. ನನಗೆ ಗಂಟಲು ಕಟ್ಟಿತು. ಮಾವನ ಸಮಾಧಿ ಇರೋದು ನೆಲಮಂಗಲದ ಆಚೆ ನಮ್ಮ ಹೊಲದ ಬದಿಯಲ್ಲಿ, ಹುಣಸೆ ಮರದ ಕೆಳಗೆ. ಆ ಹೊಲ ಲೇಔಟ್‌ಗೆ ಕೊಡೋ ಮಾತು ನಡೀತಿತ್ತು. ಅತ್ತೆಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಸತ್ತವರ ಮನೆಗೆ ಹೋಗೋದಕ್ಕೆ "ಮಣ್ಣಿಗೆ ಹೋಗಿದ್ದೆ" ಅಂತೀವಲ್ಲ, ಸುಟ್ಟರೂ ಅದೇ ಮಾತು. ಎಷ್ಟು ಹಳೇ ಅಭ್ಯಾಸ ಇರಬೇಕು ನೋಡಿ. ಗಂಗಾವತಿ ಹತ್ರ ಹಿರೇಬೆಣಕಲ್ ಬೆಟ್ಟದ ಮೇಲೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ಪುಟ್ಟ ಪುಟ್ಟ ಕಲ್ಲುಮನೆಗಳು ನೂರಾರಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು, ಸತ್ತವರಿಗೆ ಕಟ್ಟಿದ್ದು. ಕೆಲವಕ್ಕೆ ಗೋಡೇಲಿ ದುಂಡಗೆ ಒಂದು ಕಿಂಡಿ ಕೊರೆದಿದ್ದಾರೆ. ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರೀಲಿ 1947ರಲ್ಲಿ ವ್ಹೀಲರ್ ಅನ್ನೋರು ಅಗೆಸಿದಾಗಲೂ ಇಂಥ ಕಲ್ಲುಗೋರಿಗಳು ಸಿಕ್ಕವು. ಒಳಗೆ ಮೂಳೆ ಜೊತೆ ಮಡಕೆ, ಕಬ್ಬಿಣದ ಸಾಮಾನು. ನಾವು ಮೂರನೇ ದಿನ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದ್ದನ್ನ ಮಾಡ್ಕೊಂಡು ಹೋಗಿ ಎಡೆ ಇಡ್ತೀವಲ್ಲ, ಅವರೂ ಕೈಲಾದ್ದನ್ನ ಇಟ್ಟಿದ್ದರು.

ಅಷ್ಟು ದೂರ ಯಾಕೆ, ನಮ್ಮ ಯಶವಂತಪುರದಿಂದ ಬಸ್ಸಲ್ಲಿ ಹೋಗೋ ಹೆಬ್ಬಾಳದಲ್ಲೇ 2018ರಲ್ಲಿ ಒಂದು ವೀರಗಲ್ಲು ಸಿಕ್ತು. ಸುಮಾರು 750ನೇ ಇಸವೀದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಊರಿಗಾಗಿ ಕಾದಾಡಿ ಸತ್ತ ಕಿತ್ತಯ್ಯ ಅನ್ನೋನ ಹೆಸರು ಅದರಲ್ಲಿದೆ. ಬೇಗೂರಿನ ಕಲ್ಲಲ್ಲಿ ಸುಮಾರು 890ರಲ್ಲಿ "ಬೆಂಗಳೂರು ಕಾಳಗ"ದಲ್ಲಿ ಸತ್ತವನ ಸುದ್ದಿ ಇದೆ. ನಮ್ಮೂರ ಹೆಸರು ಅಷ್ಟು ಹಿಂದೇನೇ ಇತ್ತು ಅಂತ ನಮಗೆ ಗೊತ್ತಾಗಿದ್ದೇ ಒಂದು ಸಾವಿನ ಕಲ್ಲಿಂದ. ಹೆಂಗಸರಿಗೆ ಮಾತ್ರ ಮಾಸ್ತಿಕಲ್ಲು. ಬಳೆ ತೊಟ್ಟ ತೋಳು ಮೇಲೆತ್ತಿರೋ ಹಂಗೆ ಕೆತ್ತಿರ್ತಾರೆ. ಗಂಡನ ಜೊತೆ ಬೆಂಕಿಗೆ ಹೋದವಳ ಗುರುತು ಅದು. ಚಿಕ್ಕವಳಿದ್ದಾಗ ಅರಿಶಿನ ಕುಂಕುಮ ಹಚ್ಚಿ ಕೈ ಮುಗೀತಿದ್ದೆ. ಈಗ ನೋಡಿದ್ರೆ ಹೊಟ್ಟೆ ಕಿವುಚತ್ತೆ. ಬಹಳಷ್ಟು ಕಲ್ಲಲ್ಲಿ ಅವಳ ಹೆಸರೂ ಇಲ್ಲ.

ಮಣ್ಣು ಒಂದೇ, ರೀತಿ ಬೇರೆ ಬೇರೆ. ಲಿಂಗಾಯತರಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಸಮಾಧಿ ಮಾಡ್ತಾರೆ. ಸಾಬರಲ್ಲಿ ಬಿಳೀ ಬಟ್ಟೆ ಸುತ್ತಿ, ಮುಖ ಕಿಬ್ಲಾ ಕಡೆಗಿಟ್ಟು ಮಲಗಿಸ್ತಾರೆ. ಕ್ರೈಸ್ತರು ನವೆಂಬರ್ 2ಕ್ಕೆ ಗೋರಿಗಳನ್ನೆಲ್ಲ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ತಾರೆ. ಹೊಸೂರು ರಸ್ತೆ ಸ್ಮಶಾನದ ಕಡೆ ಆವತ್ತು ಹೋದ್ರೆ ಜಾತ್ರೆ ಥರ ಜನ. ನಮ್ಮ ಮಹಾಲಯಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ಅತ್ತೆಗೆ ಕರೆಂಟ್ ಒಲೆ ಭಯ ಹತ್ತಿದ್ದು 2021ರ ಏಪ್ರಿಲ್‌ನಲ್ಲಿ. ಹೆಬ್ಬಾಳ, ಸುಮನಹಳ್ಳಿ, ಮೇಡಿ ಅಗ್ರಹಾರ, ಎಲ್ಲಿ ನೋಡಿದ್ರೂ ಆಂಬುಲೆನ್ಸ್ ಸಾಲು. ಜಾಗ ಸಾಲದೆ ತಾವರೆಕೆರೆ ಹತ್ರ ಗಿಡ್ಡೇನಹಳ್ಳಿ ಕಲ್ಲುಕ್ವಾರಿಯಲ್ಲಿ ಸೌದೆ ಒಟ್ಟಿ ಸುಟ್ಟರು. ಅವರವರ ಜಮೀನಲ್ಲೇ ಮಾಡ್ಕೊಳ್ಳಿ ಅಂತ ಸರ್ಕಾರವೇ ಹೇಳಬೇಕಾಯ್ತು. ಜೂನ್‌ನಲ್ಲಿ, ಯಾರೂ ಕೇಳಿಕೊಂಡು ಬರದ ನೂರಾರು ಜನರ ಬೂದೀನ ಮಳವಳ್ಳಿ ಕಡೆ ಬೆಳಕವಾಡೀಲಿ ಕಾವೇರಿಗೆ ಬಿಟ್ಟರು. ಟಿವೀಲಿ ಅದನ್ನ ನೋಡಿ ಅತ್ತೆ ಆವತ್ತು ಊಟ ಮಾಡ್ಲಿಲ್ಲ. "ಗುರುತಿಲ್ದಂಗೆ ಹೋಗೋದು ಬೇಡಪ್ಪ" ಅಂತಿದ್ರು.

ಕರೆಂಟ್ ಒಲೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಇಷ್ಟು ದೊಡ್ಡ ಊರಲ್ಲಿ ಎಲ್ಲರಿಗೂ ಆರಡಿ ಮೂರಡಿ ಎಲ್ಲಿಂದ ತರೋದು? ನನಗೆ ಅದೇ ಸಾಕು ಅಂತ ಮಗಳಿಗೆ ಹೇಳಿದ್ದೀನಿ. ಆದರೆ ಅತ್ತೆ ಆಸೆ ಅತ್ತೇದು.

ಆವತ್ತು ಸಂಜೆ ನಾನೂ ಓರಗಿತ್ತೀನೂ ಕೂತು ಹೊಲದ ವಿಷ್ಯ ಹೇಳಿಬಿಟ್ವಿ. ಅಳ್ತಾರೆ ಅಂತ ಅಂದ್ಕೊಂಡಿದ್ವಿ. ಅಳಲಿಲ್ಲ. "ಮಾರ್ಕೊಳ್ಳಿ, ಮಕ್ಕಳ ಓದಿದೆ. ಹುಣಸೆ ಮರದ ಸುತ್ತ ಎರಡು ಗುಂಟೆ ಬಿಡಿಸ್ಕೊಳ್ಳಿ, ಓಡಾಡೋಕೆ ದಾರೀನೂ. ಲೇಔಟ್ ಆದ್ಮೇಲೆ ನನ್ನನ್ನ ಅಲ್ಲಿ ಹೂಳೋಕೆ ಬಿಡದಿದ್ರೆ ಊರ ಸ್ಮಶಾನದಲ್ಲೇ ಮಣ್ಣು ಮಾಡಿ. ನಿಮ್ಮ ಮಾವನ್ನ ಮಾತ್ರ ಎಬ್ಬಿಸ್ಬೇಡಿ" ಅಂದ್ರು. ಮೈದುನ ಮೊದಲು ಗೊಣಗಿದ್ರೂ ಆಮೇಲೆ ಒಪ್ಪಿದ. ಎರಡು ಗುಂಟೆ, ದಾರಿ ಸಮೇತ ಪತ್ರದಲ್ಲಿ ಬರೀದೆ ಅಡ್ವಾನ್ಸ್ ಮುಟ್ಟಲ್ಲ ಅಂತ ಹೇಳಿ ಕಳಿಸಿದ್ದೀವಿ. ಇನ್ನೂ ಉತ್ತರ ಬಂದಿಲ್ಲ.

ಅಕ್ಕಂದಿರೇ, ನಿಮ್ಮನೇಲೂ ಹಿರಿಯರಿದ್ರೆ ಅಪಶಕುನ ಅಂತ ಬಾಯಿ ಮುಚ್ಚಿಸ್ಬೇಡಿ. ಏನು ಬೇಕು ಅಂತ ಕೇಳಿ, ಒಂದು ಚೀಟೀಲಿ ಬರೆದಿಡಿ. ಜಮೀನು ಮಾರೋರಿದ್ರೆ ಸಹಿ ಹಾಕೋಕೆ ಮುಂಚೆ ಸಮಾಧಿ ಎಲ್ಲಿದೆ ಅಂತ ನಕ್ಷೇಲಿ ತೋರಿಸಿ. ಆಮೇಲೆ ಹೋಗಿ ಕೇಳಿದ್ರೆ ಆ ಜಾಗದಲ್ಲಿ ಯಾರದೋ ಕಾಂಪೌಂಡ್ ಎದ್ದಿರತ್ತೆ.