ಖಗ್ರಾಸ ಚಂದ್ರನೂ ಕೊಂಕಣದ ಮಳೆಗಾಲವೂ

ಥಾಣೆಯ ಇತಿಹಾಸದಲ್ಲಿ ಚಂದ್ರಗ್ರಹಣದ ಲಿಖಿತ ಉಲ್ಲೇಖ ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಸ್ಥಾನಕವೆಂದು ಹೆಸರಾಗಿದ್ದ ಈ ಪಟ್ಟಣವೂ ಸೇರಿದಂತೆ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ವಂಶದ ಅರಿಕೇಸರಿಯು ಶಕವರ್ಷ 939ರ, ಅಂದರೆ ಕ್ರಿ.ಶ. 1017ರ, ಪಿಂಗಲ ಸಂವತ್ಸರದ ಕಾರ್ತಿಕ ಹುಣ್ಣಿಮೆಯಂದು, ಚಂದ್ರನಿಗೆ ಗ್ರಹಣ ಹಿಡಿದಿದ್ದಾಗ ಕಡಲಲ್ಲಿ ಮಿಂದು, ತಿಕ್ಕಪೈಯನೆಂಬ ಪುರೋಹಿತನಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟನೆಂದು ಥಾಣೆಯಲ್ಲಿ ದೊರೆತ ಸಂಸ್ಕೃತ ತಾಮ್ರಪಟಗಳು ಹೇಳುತ್ತವೆ. ಈ ಪಟಗಳ ಇಂಗ್ಲಿಷ್ ಅನುವಾದ 1788ರಷ್ಟು ಹಿಂದೆಯೇ ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಅಚ್ಚಾಗಿ, ಭಾರತದ ಶಾಸನಗಳ ಅಧ್ಯಯನದ ಆರಂಭದ ಸಾಮಗ್ರಿಗಳಲ್ಲಿ ಒಂದಾಯಿತು. ಘಟ್ಟದ ಮೇಲಿನ ಕನ್ನಡ ಶಾಸನಗಳಲ್ಲಿ ಸೋಮಗ್ರಹಣದ ನಿಮಿತ್ತ ಬಿಟ್ಟ ದತ್ತಿಗಳನ್ನು ಕಂಡವರಿಗೆ ಈ ಒಕ್ಕಣೆ ಅಪರಿಚಿತವೇನಲ್ಲ. ಅಲ್ಲಿಯಂತೆ ಇಲ್ಲಿಯೂ ಗ್ರಹಣವು ಮೊದಲು ಒಂದು ಪುಣ್ಯಕಾಲ. ಅಂದು ಚಂದ್ರ ಯಾವ ಬಣ್ಣಕ್ಕೆ ತಿರುಗಿದ, ಎಷ್ಟು ಮಸುಕಾದ ಎಂಬ ಪ್ರಶ್ನೆ ಶಾಸನ ಬರೆಸಿದವರಿಗೆ ಬೇಕಾಗಿರಲಿಲ್ಲ.

ಪುಣ್ಯಕಾಲವೆಂಬ ಈ ತಿಳಿವಳಿಕೆ ಥಾಣೆ, ಕಲ್ಯಾಣ್, ಡೊಂಬಿವಲಿಗಳ ಬೀದಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಬಲವಾಗಿಯೇ ಉಳಿದಿತ್ತು. ಗ್ರಹಣ ಬಿಡುವ ಹೊತ್ತಿಗೆ ‘ದೇ ದಾನ, ಸುಟೇ ಗಿರಾಣ’ (ದಾನ ಕೊಡಿ, ಗ್ರಹಣ ಬಿಡಲಿ) ಎಂದು ಕೂಗುತ್ತ ಮನೆಮನೆಗೆ ಬರುವವರ ಮರಾಠಿ ಕರೆಯಲ್ಲಿ ಅರಿಕೇಸರಿಯ ದತ್ತಿಯ ನಂಬಿಕೆಯೇ ಬಡವರ ಪಾಲಿನ ರೂಪ ತಾಳಿತ್ತು. ಉದ್ಯೋಗ ಅರಸಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ತಮ್ಮ ರೂಢಿಯನ್ನು ಬಿಟ್ಟುಬರಲಿಲ್ಲ. ವೇಧ, ಅಂದರೆ ಗ್ರಹಣಕ್ಕೆ ಮೂರು ಯಾಮ ಮುಂಚೆ ಆರಂಭವಾಗುವ ಊಟ ನಿಷೇಧದ ಅವಧಿ, ಹಿಡಿಯುವ ಮೊದಲೇ ಉಂಡು, ಹಾಲು, ತುಪ್ಪ, ಉಪ್ಪಿನಕಾಯಿಗಳ ಮೇಲೆ ದರ್ಭೆಯನ್ನೋ ತುಳಸಿಯನ್ನೋ ಇರಿಸುವುದು ವಾಡಿಕೆ. ಕೆಲವು ಮನೆಗಳಲ್ಲಿ ನೀರು ತುಂಬಿದ ಹಿತ್ತಾಳೆ ತಟ್ಟೆಯ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸಿ, ಅದು ನಿಂತಿರುವಷ್ಟು ಹೊತ್ತು ಗ್ರಹಣವಿದೆಯೆಂದು ಎಣಿಸುವ ರೂಢಿಯೂ ಉಂಟು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಆಚರಣೆಗೆ ಆಕಾಶ ತಿಳಿಯಾಗಿರಲೇಬೇಕೆಂಬ ಕಟ್ಟಳೆ ನಡೆವಳಿಕೆಯಲ್ಲಿ ಇರಲಿಲ್ಲ. ಮೋಡ ಕವಿದು ಚಂದ್ರನೇ ಕಾಣದಿದ್ದರೂ ಪಂಚಾಂಗ ಹೇಳಿದ ಗಳಿಗೆಗೆ ಸ್ನಾನ ಜಪಗಳು ನಡೆದುಹೋಗುತ್ತಿದ್ದವು.

ಪಂಚಾಂಗದ ಆ ಗಳಿಗೆಯನ್ನು ಹೇಳಿಕೊಡುತ್ತಿದ್ದ ಗಣಿತವೂ ಬಹುಪಾಲು ಈ ಕರಾವಳಿಯದೇ. ಈಗಿನ ರಾಯಗಡ ಜಿಲ್ಲೆಯ ಮುರುಡದ ಸಮೀಪದ ನಂದಗಾಂವದಲ್ಲಿದ್ದ ಗಣೇಶ ದೈವಜ್ಞನು 1520ರ ಸುಮಾರಿಗೆ ರಚಿಸಿದ ‘ಗ್ರಹಲಾಘವ’ವು ತ್ರಿಕೋನಮಿತಿಯ ಜ್ಯಾ ಕೋಷ್ಟಕಗಳ ಗೊಡವೆಯಿಲ್ಲದೆ, ಕೂಡಿಸಿ ಕಳೆದು ಗುಣಿಸಿ ಭಾಗಿಸುವಷ್ಟರಿಂದಲೇ ಗ್ರಹಣ ಸಾಧಿಸುವ ದಾರಿಯನ್ನು ತೋರಿಸಿದ್ದರಿಂದ, ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಪಂಚಾಂಗಕಾರರು ಶತಮಾನಗಳ ಕಾಲ ಅದನ್ನೇ ಆಧರಿಸಿದರು. ಕಾಲ ಕಳೆದಂತೆ ಅದರ ಅಂಕಿಗಳಿಗೂ ಆಕಾಶಕ್ಕೂ ಅಂತರ ಬೀಳತೊಡಗಿದಾಗ, ತಿದ್ದುವ ಕೆಲಸಕ್ಕೆ ಕೈಹಾಕಿದವರಲ್ಲಿ ನರಗುಂದದಲ್ಲಿ ಹುಟ್ಟಿ, ಬಾಗಲಕೋಟೆ ವಿಜಯಪುರಗಳ ಸೀಮೆಯಲ್ಲಿ ಶಾಲಾಶಿಕ್ಷಕರಾಗಿ ಬಾಳಿದ ವೆಂಕಟೇಶ ಬಾಪೂಜಿ ಕೇತಕರ (1854–1930) ಪ್ರಮುಖರು. ಅವರ ‘ಜ್ಯೋತಿರ್ಗಣಿತ’ ಯುರೋಪಿನ ಹೊಸ ಲೆಕ್ಕಗಳನ್ನು ಸಂಸ್ಕೃತ ಗಣಿತ ಪರಂಪರೆಯೊಳಗೆ ತಂದಿತು. ಸ್ಪರ್ಶ (ನೆರಳು ತಾಗುವ ಕ್ಷಣ), ಸಂಮೀಲನ (ಬಿಂಬ ಪೂರ್ತಿ ಮುಳುಗುವ ಕ್ಷಣ), ಮಧ್ಯ, ಉನ್ಮೀಲನ (ಅಂಚು ಮತ್ತೆ ಬೆಳಗುವ ಕ್ಷಣ), ಮೋಕ್ಷ (ನೆರಳು ಪೂರ್ತಿ ಬಿಡುವ ಕ್ಷಣ) ಎಂಬ ಐದು ಘಟ್ಟಗಳನ್ನು ಪಂಚಾಂಗ ನಿಮಿಷದ ಲೆಕ್ಕದಲ್ಲಿ ಅಚ್ಚು ಮಾಡಲು ಸಾಧ್ಯವಾದದ್ದು ಇಂಥವರ ದುಡಿಮೆಯಿಂದ. ಹೀಗೆ ಗ್ರಹಣ ಯಾವಾಗ ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಎಂದೂ ದುರ್ಲಭವಾಗಿರಲಿಲ್ಲ. ಅಪರೂಪವಾಗಿದ್ದುದು ಹೊರಗೆ ಬಂದು ಅದನ್ನು ಕಣ್ಣಾರೆ ನೋಡುವ ಸಂಕಲ್ಪ.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ರಾಯಚೂರುಗಳ ಭಾಗವನ್ನು ಹಾದುಹೋದಾಗ ವಿಜ್ಞಾನಿಗಳು ಕರ್ನಾಟಕದಲ್ಲಿ ಬೀಡುಬಿಟ್ಟಿದ್ದರೆ, ಮುಂಬಯಿಯ ರಸ್ತೆಗಳು ಭಯದಿಂದ ಬರಿದಾಗಿದ್ದವು. ಜನ ಹೊರಬಾರದಿರಲೆಂದು ದೂರದರ್ಶನ ಆ ಮಧ್ಯಾಹ್ನ ಹಿಂದಿ ಚಲನಚಿತ್ರವೊಂದನ್ನು ಬಿತ್ತರಿಸಿತು. ಐದಾರು ವರ್ಷಗಳಲ್ಲಿಯೇ ವಾತಾವರಣ ಬದಲಾಯಿತು. 1986ರ ಫೆಬ್ರವರಿಯಲ್ಲಿ ಸೂರ್ಯನನ್ನು ಸಮೀಪಿಸಿದ ಹ್ಯಾಲಿ ಧೂಮಕೇತುವಿನ ನಿರೀಕ್ಷೆ ಹವ್ಯಾಸಿಗಳನ್ನು ಒಟ್ಟುಗೂಡಿಸಿತು. ಪುಣೆಯಲ್ಲಿ 1944ರಿಂದಲೇ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇತ್ತು, ಮುಂಬಯಿಯಲ್ಲಿ 1977ರಲ್ಲಿ ನೆಹರೂ ತಾರಾಲಯ ತೆರೆದಿತ್ತು, 1985ರಲ್ಲಿ ಖಗೋಲ ಮಂಡಳ ಹುಟ್ಟಿತು, ಕಲ್ಯಾಣ್‌ನಲ್ಲಿ ಆಕಾಶಮಿತ್ರ ಮಂಡಳ ನಿಂತಿತು. ಕಲ್ಯಾಣ್–ಕರ್ಜತ್ ರೈಲುಮಾರ್ಗದಲ್ಲಿ ಬದಲಾಪುರ ದಾಟಿ ಸಿಗುವ ವಾಂಗಣಿಯ ಬಯಲು ರಾತ್ರಿಯಿಡೀ ಆಕಾಶ ನೋಡುವ ಶಿಬಿರಗಳ ತಾಣವಾಯಿತು. ಥಾಣೆಯ ದಾ.ಕೃ. ಸೋಮಣ್ ಅವರಂತಹ ಪಂಚಾಂಗಕರ್ತರೇ ಖಗೋಳ ವಿಜ್ಞಾನದ ಪ್ರಚಾರಕರೂ ಆದದ್ದು ಈ ಸೀಮೆಯ ವಿಶೇಷ. ಗ್ರಹಣದ ಗಳಿಗೆ ಹೇಳುವವರೇ ಅದನ್ನು ಹೊರಗೆ ಬಂದು ನೋಡಿರೆಂದು ಕರೆದಾಗ ಆ ಮಾತಿಗೆ ಮನೆಗಳಲ್ಲಿ ಬೇರೆಯೇ ತೂಕವಿರುತ್ತದೆ.

ಉಲ್ಕಾವೃಷ್ಟಿಗೆ, ನೀಹಾರಿಕೆಗೆ ವಾಂಗಣಿಯ ಕತ್ತಲು ಬೇಕು. ಚಂದ್ರಗ್ರಹಣಕ್ಕೆ ಡೊಂಬಿವಲಿಯ ಕಟ್ಟಡದ ತಾರಸಿ ಸಾಕು. ಹುಣ್ಣಿಮೆಯ ಚಂದ್ರ ಬೀದಿದೀಪಗಳಿಗೆ ಸೋಲುವುದಿಲ್ಲ, ಗ್ರಹಣಕ್ಕೆ ಕಣ್ಣಿನ ರಕ್ಷಣೆಯೂ ಬೇಕಿಲ್ಲ, ಒಂದು ದುರ್ಬೀನಿದ್ದರೆ ಹೆಚ್ಚುಗಾರಿಕೆ. ಆದರೂ ಸಂಮೀಲನದ ನಂತರ ನಗರವಾಸಿಗೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಭೂಮಿಯ ದಟ್ಟ ನೆರಳಿನೊಳಗೆ ಸೇರಿದ ಚಂದ್ರನ ಬೆಳಕು ಸಾವಿರಾರು ಪಟ್ಟು ಕುಗ್ಗಿ, ಭೂಮಿಯ ವಾತಾವರಣದ ಅಂಚಿನಲ್ಲಿ ಬಾಗಿ ಬಂದ ಕೆಂಪು ಕಿರಣಗಳಷ್ಟೇ ಅದನ್ನು ತೋರಿಸುವುದರಿಂದ, ಕಾರ್ಖಾನೆಗಳ ಹೊಗೆಯೂ ಖಾಡಿಯ, ಅಂದರೆ ಒಳನಾಡಿಗೆ ಚಾಚಿದ ಕಡಲ ತೋಳಿನ, ತೇವದ ಮಬ್ಬೂ ಸೇರಿದರೆ ಬಿಂಬವೇ ಕಳೆದುಹೋಗಬಹುದು. ಆ ಕೆಂಪನ್ನು ಅಳೆಯಲು ಫ್ರಾನ್ಸಿನ ಆಂದ್ರೆ ದಾಂಜೋನ್ 1921ರಲ್ಲಿ ಸೊನ್ನೆಯಿಂದ ನಾಲ್ಕರವರೆಗಿನ ಮಾಪಕವೊಂದನ್ನು ಸೂಚಿಸಿದರು. ಸೊನ್ನೆಯೆಂದರೆ ಬಹುತೇಕ ಕಾಣದ ಕಪ್ಪು ಚಂದ್ರ, ನಾಲ್ಕೆಂದರೆ ಹೊಳೆಯುವ ತಾಮ್ರವರ್ಣ. ಸಣ್ಣ ದೂರದರ್ಶಕವುಳ್ಳವರು ಟೈಕೋ, ಕೋಪರ್ನಿಕಸ್, ಪ್ಲೇಟೋ ಮುಂತಾದ ಕುಳಿಗಳನ್ನು ನೆರಳಿನ ಅಂಚು ದಾಟುವ ಕ್ಷಣವನ್ನು ಗಡಿಯಾರ ಹಿಡಿದು ಬರೆದಿಡುತ್ತಾರೆ. ಬರಿಯ ರೇಖಾಗಣಿತ ಹೇಳುವುದಕ್ಕಿಂತ ಭೂಮಿಯ ನೆರಳು ಸುಮಾರು ಶೇ. 2ರಷ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ಲೋಕಕ್ಕೆ ಖಚಿತಪಡಿಸಿದ್ದು ಇಂಥ ಸಮಯಪಟ್ಟಿಗಳೇ. ಹವ್ಯಾಸಿಯ ತಾರಸಿಯಿಂದ ವಿಜ್ಞಾನಕ್ಕೆ ಸಲ್ಲಬಹುದಾದ ಗೌರವದ ಕಾಣಿಕೆ ಇದು.

ದಾಂಜೋನ್ ಮಾಪಕದ ತಳಭಾಗ ಹೇಗಿರುತ್ತದೆಂಬುದನ್ನು 1992ರ ಡಿಸೆಂಬರ್ 10ರ ಬೆಳಗಿನ ಜಾವ ತೋರಿಸಿತು. ಹಿಂದಿನ ವರ್ಷ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಸೂಕ್ಷ್ಮಕಣಗಳು ಮೇಲಿನ ವಾತಾವರಣದಲ್ಲಿ ಇನ್ನೂ ತೇಲುತ್ತಿದ್ದುದರಿಂದ, ಆ ಗ್ರಹಣದ ಚಂದ್ರ ಅಸಾಧಾರಣವಾಗಿ ಕಪ್ಪಾಗಿದ್ದನೆಂದು ಹಲವು ದೇಶಗಳ ವೀಕ್ಷಕರು ದಾಖಲಿಸಿದ್ದಾರೆ. ಭಾರತದಲ್ಲಿ 4.37ರಿಂದ 5.51ರವರೆಗೆ ಖಗ್ರಾಸವಿದ್ದ ಆ ಹೊತ್ತಿನಲ್ಲಿ, ನಾಲ್ಕು ದಿನಗಳ ಹಿಂದೆ ಅಯೋಧ್ಯೆಯಲ್ಲಿ ನಡೆದ ಬಾಬರಿ ಮಸೀದಿ ಧ್ವಂಸದ ಬೆನ್ನಿಗೆ ಹೊತ್ತಿದ ಗಲಭೆಯಿಂದ ಮುಂಬಯಿಯ ಬಡಾವಣೆಗಳು ಕರ್ಫ್ಯೂವಿನಲ್ಲಿದ್ದವು.

ಥಾಣೆ ಸೀಮೆಯ ವೀಕ್ಷಕರ ಮುಖ್ಯ ಎದುರಾಳಿ ಮೂಢನಂಬಿಕೆಯೂ ಅಲ್ಲ, ದೀಪಗಳೂ ಅಲ್ಲ, ಮಳೆಗಾಲ. ಜುಲೈ ತಿಂಗಳೊಂದರಲ್ಲೇ ಸಾಮಾನ್ಯವಾಗಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಪ್ರದೇಶಕ್ಕೆ ಪ್ರಕೃತಿಯೇ ಒಂದು ಅನ್ಯಾಯ ಮಾಡಿದೆ. ಭೂಮಿ ಸೂರ್ಯನಿಂದ ಅತಿ ದೂರವಿರುವುದು ಜುಲೈ ಮೊದಲ ವಾರದ ಸುಮಾರಿಗೆ. ಆಗ ಸೂರ್ಯಬಿಂಬ ತುಸು ಚಿಕ್ಕದಾಗಿ ಭೂಮಿಯ ದಟ್ಟ ನೆರಳು ತುಸು ಅಗಲವಾಗುತ್ತದೆ. ಅದೇ ಸಮಯಕ್ಕೆ ಚಂದ್ರನೂ ತನ್ನ ಕಕ್ಷೆಯ ದೂರದ ತುದಿಯಲ್ಲಿದ್ದು ನಿಧಾನವಾಗಿ ಚಲಿಸುತ್ತ ನೆರಳಿನ ನಡುಮಧ್ಯದಲ್ಲಿ ಹಾದರೆ ಖಗ್ರಾಸ ಅತಿ ದೀರ್ಘವಾಗುತ್ತದೆ. ಆದ್ದರಿಂದ ದೀರ್ಘ ಗ್ರಹಣಗಳು ಕೊಂಕಣದ ಆಕಾಶ ಮುಚ್ಚಿರುವ ತಿಂಗಳಿಗೇ ಒಲಿಯುತ್ತವೆ. 2000ದ ಜುಲೈ 16ರ ಸಂಜೆಯ ಖಗ್ರಾಸ 106 ನಿಮಿಷಗಳದು, ಇಪ್ಪತ್ತನೆಯ ಶತಮಾನದ ಅತಿ ದೀರ್ಘ. ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಮುಂಬಯಿಯ ಘಾಟ್ಕೋಪರದಲ್ಲಿ ಮಳೆಗೆ ಗುಡ್ಡ ಕುಸಿದು ಅನೇಕರು ಪ್ರಾಣ ಕಳೆದುಕೊಂಡಿದ್ದರು. 2011ರ ಜೂನ್ 15ರ ರಾತ್ರಿಯ 100 ನಿಮಿಷಗಳದೂ ಮಳೆಗಾಲದ ಪಾಲೇ. 2018ರ ಗುರುಪೂರ್ಣಿಮೆಯ ರಾತ್ರಿ, ಜುಲೈ 27ರಿಂದ 28ಕ್ಕೆ ದಾಟುವಾಗ, 103 ನಿಮಿಷಗಳ ಖಗ್ರಾಸ ಈ ಶತಮಾನದ ಅತಿ ದೀರ್ಘವಾಗಿದ್ದು, ಭೂಮಿಗೆ ಹತ್ತಿರ ಬಂದಿದ್ದ ಮಂಗಳ ಗ್ರಹ ಕೆಂಪು ಚಂದ್ರನ ಪಕ್ಕದಲ್ಲೇ ಇತ್ತು. ಆದರೆ ಮುಂಬಯಿ ಪ್ರದೇಶದ ಮೇಲೆ ಮೋಡ ಕವಿದಿತ್ತು. 2025ರ ಸೆಪ್ಟೆಂಬರ್ 7ರ 82 ನಿಮಿಷಗಳ ಗ್ರಹಣವೂ ಭಾದ್ರಪದದ ಮೋಡಗಳ ನಡುವೆಯೇ ಬಂದಿತು.

ಚಳಿಗಾಲದ ಗ್ರಹಣಗಳು ಚಿಕ್ಕವಾದರೂ ಉದಾರಿಗಳು. 2011ರ ಡಿಸೆಂಬರ್ 10ರ ಶನಿವಾರ ಸಂಜೆ 7.36ರಿಂದ 8.27ರವರೆಗೆ, ಮಕ್ಕಳು ಮಲಗುವ ಮುನ್ನವೇ, ಖಗ್ರಾಸ ಪೂರ್ವದ ಆಕಾಶದಲ್ಲಿತ್ತು. 2018ರ ಜನವರಿ 31ರದು ಗ್ರಸ್ತೋದಯ, ಅಂದರೆ ಗ್ರಹಣ ಹಿಡಿದುಕೊಂಡೇ ಚಂದ್ರ ಹುಟ್ಟುವ ಬಗೆ, ಖಗ್ರಾಸ 6.21ಕ್ಕೆ ಆರಂಭವಾಯಿತು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಚಂದ್ರೋದಯ. ನವಿ ಮುಂಬಯಿಯ ವಾಶಿ, ನೆರೂಳ್‌ಗಳ ವೀಕ್ಷಕರಿಗೆ ಪೂರ್ವದಿಕ್ಕಿನ ಪಾರಸಿಕ್ ಗುಡ್ಡಸಾಲು ಅಡ್ಡವಾಗುವುದರಿಂದ, ಸಂಜೆಬೆಳಕಿನಲ್ಲಿ ಮಂಕಾದ ಬಿಂಬವನ್ನು ಹುಡುಕುವುದೇ ಅಂದಿನ ಕೆಲಸ.

ಗ್ರಹಣಗಳು 18 ವರ್ಷ, 11 ದಿನ, 8 ಗಂಟೆಗಳ ಅಂತರದಲ್ಲಿ ಬಹುಮಟ್ಟಿಗೆ ಅದೇ ರೀತಿ ಮರಳುತ್ತವೆ. ಈ ಅವಧಿಗೆ ಸಾರೋಸ್ ಎಂದು ಹೆಸರು. 2000ದ ಜುಲೈ ಗ್ರಹಣವೇ 2018ರ ಜುಲೈಗೆ ಮರಳಿದ್ದು, ಆ ವಂಶ ಮಳೆಗಾಲವನ್ನು ದಾಟಲು ಇನ್ನೂ ಹಲವು ಸುತ್ತು ಬೇಕು. ಪಿನಾಟುಬೊ ಕಪ್ಪಾಗಿಸಿದ 1992ರ ಗ್ರಹಣದ ವಂಶದ್ದು ಬೇರೆ ದಾರಿ: 2010ರ ಡಿಸೆಂಬರ್ 21ರಂದು ಅದು ಭಾರತದ ಹಗಲಿಗೆ ಬಿದ್ದು ಕಾಣದೆಹೋಯಿತು, 2028ರ ಡಿಸೆಂಬರ್ 31ರ ರಾತ್ರಿ 10.22ರ ಸುಮಾರಿಗೆ ಮಧ್ಯಕಾಲವಾಗುವಂತೆ, 71 ನಿಮಿಷಗಳ ಖಗ್ರಾಸದೊಂದಿಗೆ ಥಾಣೆಯ ನೆತ್ತಿಯ ಕಡೆಗೆ ಏರಿರುತ್ತದೆ. 1992ರಲ್ಲಿ ಚಂದ್ರನ ಕಪ್ಪನ್ನು ಬರೆದಿಟ್ಟವರ ಪುಟಗಳ ಪಕ್ಕದಲ್ಲಿ ಅದೇ ವಂಶದ ಮೊಮ್ಮಗನ ಬಣ್ಣವನ್ನು ದಾಂಜೋನ್ ಮಾಪಕದಲ್ಲಿ ದಾಖಲಿಸಲು ಇಲ್ಲಿನ ಹವ್ಯಾಸಿಗಳಿಗೆ ಅಂದು ಅವಕಾಶವಿದೆ.