ಅಮೆರಿಕದಲ್ಲಿ ವೈದ್ಯಕೀಯ ಪ್ರವೇಶದ ಅರ್ಜಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎಂ.ಡಿ. ಓದಬಯಸುವವರು ಪದವಿ ವ್ಯಾಸಂಗದ ವರ್ಷಗಳಲ್ಲಿ ಸಿದ್ಧಪಡಿಸಿಕೊಳ್ಳುವ ದಾಖಲೆ. ಭಾರತದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದವರು ನೇರವಾಗಿ ಎಂ.ಬಿ.ಬಿ.ಎಸ್.ಗೆ ಸೇರುತ್ತಾರೆ. ಅಮೆರಿಕದಲ್ಲಿ ಎಂ.ಡಿ.ಯೇ ಮೊದಲ ವೈದ್ಯಕೀಯ ಪದವಿ; ಅದಕ್ಕೆ ಸೇರುವ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಬೇರೊಂದು ಪದವಿ ಮುಗಿದಿರಬೇಕು. ಆ ಅವಧಿಯ ಅಂಕ, ಪ್ರವೇಶ ಪರೀಕ್ಷೆ, ಆಸ್ಪತ್ರೆಯ ಅನುಭವ, ಸಮಾಜಸೇವೆ, ಸಂಶೋಧನೆ, ಶಿಫಾರಸು ಪತ್ರ, ಸಂದರ್ಶನ ಎಲ್ಲವೂ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತವೆ. ಈ ಪಟ್ಟಿ ಬೆಳೆದುಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದೆ.

ಶುಲ್ಕವೇ ಅರ್ಹತೆಯಾಗಿದ್ದ ಕಾಲ

ಅಮೆರಿಕದ ಮೊದಲ ವೈದ್ಯಕೀಯ ಶಾಲೆ 1765ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಯಿತು. 19ನೆಯ ಶತಮಾನದಲ್ಲಿ ಹುಟ್ಟಿಕೊಂಡ ಶಾಲೆಗಳಲ್ಲಿ ಬಹುಪಾಲು ವೈದ್ಯರೇ ಸೇರಿ ಲಾಭಕ್ಕಾಗಿ ನಡೆಸುತ್ತಿದ್ದಂಥವು. ಶುಲ್ಕ ಕಟ್ಟಿದವರಿಗೆ ಪ್ರವೇಶ ಸಿಗುತ್ತಿತ್ತು. ಕೆಲವು ತಿಂಗಳ ಉಪನ್ಯಾಸಗಳನ್ನು ಎರಡು ಬಾರಿ ಕೇಳಿದರೆ ಪದವಿಯೂ ಸಿಗುತ್ತಿತ್ತು. ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಲಿಖಿತ ಪರೀಕ್ಷೆ ತರಲು ಹೊರಟಾಗ, ಅರ್ಧಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸರಿಯಾಗಿ ಬರೆಯಲೇ ಬಾರದೆಂದು ಅಧ್ಯಾಪಕರೊಬ್ಬರು ಆಕ್ಷೇಪಿಸಿದರು. ಎಲಿಯಟ್ ಹಿಂಜರಿಯದೆ 1871ರಿಂದ ಮೂರು ವರ್ಷದ ಕ್ರಮಬದ್ಧ ಪಾಠಕ್ರಮವನ್ನು ಜಾರಿಗೆ ತಂದರು.

ಪದವಿ ಕಡ್ಡಾಯವಾದದ್ದು

1893ರಲ್ಲಿ ಬಾಲ್ಟಿಮೋರ್‌ನಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಸ್ನಾತಕ ಪದವಿಯನ್ನೂ ವಿಜ್ಞಾನ ವಿಷಯಗಳ ಹಾಗೂ ಫ್ರೆಂಚ್, ಜರ್ಮನ್ ಭಾಷೆಗಳ ತಿಳಿವಳಿಕೆಯನ್ನೂ ಕಡ್ಡಾಯ ಮಾಡಿತು. ಇದರ ಹಿಂದೆ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ದಾನಿಯ ಪಟ್ಟು ಇತ್ತು. ಹಣದ ಕೊರತೆಯಿಂದ ನಿಂತುಹೋಗಿದ್ದ ಶಾಲೆಗೆ ಅವರು 3 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು; ಪ್ರವೇಶದ ಮಟ್ಟ ಎತ್ತರದಲ್ಲಿರಬೇಕು, ಮಹಿಳೆಯರಿಗೂ ಪುರುಷರಷ್ಟೇ ಅವಕಾಶವಿರಬೇಕು ಎಂಬ ಷರತ್ತು ಹಾಕಿದರು.

ಆ ಮಾದರಿ ದೇಶಕ್ಕೆಲ್ಲ ಹಬ್ಬಿದ್ದು 1910ರ ಫ್ಲೆಕ್ಸ್ನರ್ ವರದಿಯಿಂದ. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಬ್ರಹಾಂ ಫ್ಲೆಕ್ಸ್ನರ್ ಅಮೆರಿಕ ಮತ್ತು ಕೆನಡಾದ 155 ಶಾಲೆಗಳ ಸ್ಥಿತಿಯನ್ನು ದಾಖಲಿಸಿ, ಕನಿಷ್ಠ ಎರಡು ವರ್ಷದ ಕಾಲೇಜು ಶಿಕ್ಷಣ ಬೇಕೆಂದು ವಾದಿಸಿದರು. ಅಮೆರಿಕದ ಶಾಲೆಗಳ ಸಂಖ್ಯೆ 1910ರಲ್ಲಿ 131 ಇದ್ದುದು 1922ಕ್ಕೆ 81ಕ್ಕೆ ಇಳಿಯಿತು. ಕಳಪೆ ಶಾಲೆಗಳು ಮುಚ್ಚಿದ್ದು ರೋಗಿಗಳ ಪಾಲಿಗೆ ಒಳಿತೇ. ಆದರೆ ಕಪ್ಪು ಜನಾಂಗದವರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಹಾವರ್ಡ್ ಮತ್ತು ಮೆಹಾರಿ ಮಾತ್ರ ಉಳಿದವು. ಆ ನಷ್ಟ ದಶಕಗಳ ಕಾಲ ತುಂಬಿಬರಲಿಲ್ಲ.

ಪ್ರವೇಶ ಪರೀಕ್ಷೆ

ಪದವಿಯ ಅಂಕವನ್ನೇ ನಂಬಿ ಸೇರಿಸಿಕೊಂಡಾಗ 1920ರ ದಶಕದಲ್ಲಿ ಕೆಲವು ಶಾಲೆಗಳಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳು ನಡುವೆಯೇ ಓದು ಬಿಡುತ್ತಿದ್ದರು. ಇದಕ್ಕೆ ಪರಿಹಾರವಾಗಿ ಮನಃಶಾಸ್ತ್ರಜ್ಞ ಎಫ್.ಎ. ಮಾಸ್ 1928ರಲ್ಲಿ ಒಂದು ಯೋಗ್ಯತಾ ಪರೀಕ್ಷೆಯನ್ನು ರೂಪಿಸಿದರು. 1946ರ ವೇಳೆಗೆ ಓದು ಬಿಡುವವರ ಪ್ರಮಾಣ ಶೇ. 7ರಷ್ಟಕ್ಕೆ ಇಳಿದಿತ್ತು. 1948ರಲ್ಲಿ ಎಂಕ್ಯಾಟ್ ಎಂಬ ಹೆಸರು ಬಂತು. 2007ರಲ್ಲಿ ಪರೀಕ್ಷೆ ಪೂರ್ತಿ ಕಂಪ್ಯೂಟರಿಗೆ ಬದಲಾಯಿತು. 2015ರ ಪರಿಷ್ಕರಣೆಯಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರ, ಜೀವರಸಾಯನಶಾಸ್ತ್ರಗಳಿಗೆ ಜಾಗ ಸಿಕ್ಕಿತು. ಕಾಯಿಲೆಗೆ ಬಡತನ, ವಸತಿ, ಕುಟುಂಬದ ಸ್ಥಿತಿಯೂ ಕಾರಣ ಎಂಬ ಅರಿವು ಹೀಗೆ ಪರೀಕ್ಷೆಯೊಳಗೆ ಬಂತು. ಈಗಿನ ಅಂಕಮಾನ 472ರಿಂದ 528.

ತಾರತಮ್ಯ ಮತ್ತು ಕಾನೂನು

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಹಲವು ಶಾಲೆಗಳು ಯಹೂದಿ ವಿದ್ಯಾರ್ಥಿಗಳಿಗೂ ಮಹಿಳೆಯರಿಗೂ ಗುಟ್ಟಾಗಿ ಮಿತಿ ಹಾಕಿದ್ದವು. ಸಂದರ್ಶನ, ಭಾವಚಿತ್ರ, ವ್ಯಕ್ತಿತ್ವದ ನೆಪಗಳು ಇದಕ್ಕೆ ಬಳಕೆಯಾದವು. 1970ರ ದಶಕದ ಆರಂಭದ ಕಾನೂನುಗಳು ಲಿಂಗ ತಾರತಮ್ಯವನ್ನು ನಿಷೇಧಿಸಿದವು. 2017ರಲ್ಲಿ ಮೊದಲ ಬಾರಿಗೆ ಹೊಸದಾಗಿ ಸೇರಿದವರಲ್ಲಿ ಮಹಿಳೆಯರೇ ಹೆಚ್ಚಾದರು. ಜನಾಂಗದ ವಿಷಯಕ್ಕೆ ಬಂದರೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಶಾಲೆ 100ರಲ್ಲಿ 16 ಸೀಟುಗಳನ್ನು ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿದ್ದನ್ನು ಸುಪ್ರೀಂ ಕೋರ್ಟ್ 1978ರಲ್ಲಿ, ಬಾಕಿ (Bakke) ಎಂಬ ಅಭ್ಯರ್ಥಿ ಹೂಡಿದ್ದ ಪ್ರಕರಣದಲ್ಲಿ ರದ್ದುಪಡಿಸಿತಾದರೂ, ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಲು ಅವಕಾಶ ಉಳಿಸಿತು. ಹಾರ್ವರ್ಡ್ ವಿರುದ್ಧದ ಪ್ರಕರಣದಲ್ಲಿ ಅದೇ ಕೋರ್ಟ್ 2023ರಲ್ಲಿ ಕೊಟ್ಟ ತೀರ್ಪಿನ ನಂತರ ಅದಕ್ಕೂ ತೆರೆ ಬಿತ್ತು.

ಇಂದಿನ ಅರ್ಜಿ

ಬಹುತೇಕ ಎಂ.ಡಿ. ಶಾಲೆಗಳಿಗೆ ಆಮ್‌ಕಾಸ್ ಎಂಬ ಒಂದೇ ಕೇಂದ್ರೀಕೃತ ಸೇವೆಯ ಮೂಲಕ ಅರ್ಜಿ ಹಾಕಲಾಗುತ್ತದೆ. ಸೇರುವುದಕ್ಕೆ ಒಂದು ವರ್ಷ ಮೊದಲು, ಬೇಸಿಗೆಯ ಹೊತ್ತಿಗೇ ಕಳಿಸಬೇಕು. ಬಂದ ಹಾಗೆಲ್ಲ ಪರಿಶೀಲಿಸುವ ಶಾಲೆಗಳೇ ಹೆಚ್ಚಾದ್ದರಿಂದ ತಡವಾದಷ್ಟೂ ನಷ್ಟ. ಅಭ್ಯರ್ಥಿ 15 ಚಟುವಟಿಕೆಗಳವರೆಗೆ ನಮೂದಿಸಿ, ಅತಿ ಮಹತ್ವದ ಮೂರನ್ನು ವಿಸ್ತರಿಸಬಹುದು. ವೈದ್ಯವೃತ್ತಿ ಯಾಕೆ ಬೇಕು ಎಂಬುದಕ್ಕೆ 5,300 ಅಕ್ಷರ ಮೀರದ ಪ್ರಬಂಧ ಬರೆಯಬೇಕು. ನಂತರ ಶಾಲೆಗಳ ಪ್ರತ್ಯೇಕ ಪ್ರಶ್ನೆಗಳು, ಕೊನೆಗೆ ಸಂದರ್ಶನ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ಶತಮಾನದ ಆರಂಭದಲ್ಲಿ ರೂಪುಗೊಂಡ, ಹಲವು ಕಿರು ಸಂದರ್ಶನಗಳ ಸರಣಿಯನ್ನು ಈಗ ಅನೇಕ ಶಾಲೆಗಳು ಬಳಸುತ್ತವೆ. ಒಬ್ಬ ಸಂದರ್ಶಕರ ಒಲವು ಫಲಿತಾಂಶವನ್ನು ನಿರ್ಧರಿಸದಂತೆ ಅದು ತಡೆಯುತ್ತದೆ.

ಪದವಿಯಲ್ಲಿ ಯಾವ ಮುಖ್ಯ ವಿಷಯ ಓದಿದರೂ ಅಡ್ಡಿಯಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯದೊಂದಿಗೆ ಮುಗಿಸಿರಬೇಕೆಂದು ಹೆಚ್ಚಿನ ಶಾಲೆಗಳು ಕೇಳುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಹಾಕುವ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸೇರುವವರು ಅರ್ಧಕ್ಕಿಂತ ಕಡಿಮೆ. ಸೇರಿದವರ ಎಂಕ್ಯಾಟ್ ಸರಾಸರಿ 511ರ ಆಸುಪಾಸು. ವಿದೇಶಿ ವಿದ್ಯಾರ್ಥಿಗಳನ್ನು ಪರಿಗಣಿಸುವ ಶಾಲೆಗಳು ಕಡಿಮೆ ಎಂಬುದನ್ನು ಇಲ್ಲಿಂದ ಹೋಗಬಯಸುವವರು ನೆನಪಿಡಬೇಕು.

ಅಂಕದಾಚೆಗಿನ ಅನುಭವ ಹೇಗಿರಬೇಕೆಂಬುದಕ್ಕೆ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅವರ ವಿದ್ಯಾರ್ಥಿ ಜೀವನ ನಿದರ್ಶನ. ಹಾರ್ವರ್ಡ್‌ನಲ್ಲಿ ಪದವಿ ಓದುತ್ತಿದ್ದಾಗಲೇ ಅವರು 1995ರಲ್ಲಿ ಸೋದರಿಯೊಂದಿಗೆ ಸೇರಿ ಭಾರತ ಮತ್ತು ಅಮೆರಿಕದಲ್ಲಿ ಏಡ್ಸ್ ಅರಿವು ಮೂಡಿಸುವ ಸಂಸ್ಥೆ ಕಟ್ಟಿದರು. ನಂತರ ಯೇಲ್‌ನಲ್ಲಿ ಎಂ.ಡಿ. ಪಡೆದು, 2014ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆದರು.

ವಿಮರ್ಶೆ

ಹಣದಿಂದ ಪಾಂಡಿತ್ಯಕ್ಕೆ, ಅಲ್ಲಿಂದ ವ್ಯಕ್ತಿತ್ವ ಮತ್ತು ಅನುಭವಕ್ಕೆ ಆಯ್ಕೆಯ ಮಾನದಂಡ ಸರಿಯುತ್ತ ಬಂದಿದೆ. ಆದರೆ ವೈದ್ಯರ ಜೊತೆಗಿದ್ದು ಅವರ ಕೆಲಸ ನೋಡುವುದಕ್ಕೂ ಸಂಬಳವಿಲ್ಲದ ಸಂಶೋಧನೆಗೂ ಬಿಡುವು ಬೇಕು. ಓದಿನ ಜೊತೆ ದುಡಿದು ಮನೆಗೆ ನೆರವಾಗುವ ವಿದ್ಯಾರ್ಥಿಗೆ ಆ ಬಿಡುವು ಎಲ್ಲಿಂದ ಬರಬೇಕು? ಬಡ ಅಭ್ಯರ್ಥಿಗಳಿಗೆ ಶುಲ್ಕ ರಿಯಾಯಿತಿ ಇದೆ, ಸಂಬಳದ ಕೆಲಸವನ್ನೂ ಚಟುವಟಿಕೆಗಳ ಪಟ್ಟಿಯಲ್ಲಿ ನಮೂದಿಸಬಹುದು. ಅಷ್ಟರಿಂದ ಅಂತರ ಮುಚ್ಚಿಲ್ಲ. ಹೊಸ ಮಾನದಂಡಗಳು ಬಡವರ ಮಕ್ಕಳಿಗೂ ಎಟುಕಿದಾಗ ಮಾತ್ರ ಈ ಸುಧಾರಣೆ ಪೂರ್ಣವಾಗುತ್ತದೆ.